ಬೆಳ್ಳಕ್ಕಿಯ ಪಾದದಿಂದ ಮುಳ್ಳಯ್ಯನಗಿರಿಯ ಹುಲ್ಲಿನವರೆಗೆ: ಗುರುತು ಹಿಡಿಯಲು ಕಲಿತ ನಡಿಗೆಗಳು

ಈ ಪ್ರವಾಸದಲ್ಲಿ ನಡೆದಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಶಿವಮೊಗ್ಗದಿಂದ ಹೊರಟು ಮಂಡಗದ್ದೆ, ಕುಂದಾದ್ರಿ, ಆಗುಂಬೆ, ಕೊಟ್ಟಿಗೆಹಾರ ನೋಡಿಕೊಂಡು ಮುಳ್ಳಯ್ಯನಗಿರಿಯಲ್ಲಿ ಮುಗಿಸಿದೆವು. ಸೆಪ್ಟೆಂಬರ್ ನಡುವಿನ ದಿನಗಳು. ಮಳೆ ಪೂರ್ತಿ ಹೋಗಿರಲಿಲ್ಲ, ಹಾಗಾಗಿ ಹೂವು, ಕಪ್ಪೆ ಎರಡೂ ಇದ್ದವು. ಕಾಡುಹೂವು ಕಲಿಯಬೇಕು ಅನ್ನುವವರಿಗೆ ನಾನು ಇದೇ ಕಾಲ ಹೇಳುತ್ತೇನೆ, ಇಂಬಳ ಕಚ್ಚಿದರೂ ಪರವಾಗಿಲ್ಲ.

ಜೊತೆಗಿದ್ದವರು ನಮ್ಮ ಅತ್ತಿಗೆ. ವರ್ಷಗಟ್ಟಲೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವರು. ನನಗೆ ಹಕ್ಕಿಗಳ ಹುಚ್ಚು ಹಿಡಿದು ಸ್ವಲ್ಪ ಕಾಲ ಆಗಿದೆ ಅಷ್ಟೇ, ಹೂವಿನ ವಿಷಯದಲ್ಲಂತೂ ಅ ಆ ಇ ಈಯಿಂದಲೇ ಶುರು. ಹೊರಡುವ ಮುಂಚೆ ಅವರು ಹಾಕಿದ್ದು ಒಂದೇ ಷರತ್ತು.

"ಫೋಟೋ ತಗೋ, ಆ್ಯಪ್ ನೋಡು, ಬೇಡ ಅನ್ನಲ್ಲ. ಆದ್ರೆ ಮೊದಲು ಕಣ್ಣಿಗೆ ಕಂಡಿದ್ದನ್ನ ಪುಸ್ತಕದಲ್ಲಿ ಬರಿ. ಹೆಸರು ಆಮೇಲೆ."

ಹಕ್ಕಿಯಾದರೆ ಎಷ್ಟು ದೊಡ್ಡದು (ಗುಬ್ಬಿಯಷ್ಟಾ, ಮೈನಾದಷ್ಟಾ, ಕಾಗೆಯಷ್ಟಾ), ಕೊಕ್ಕು ಹೇಗಿದೆ, ಬಾಲ ಹೇಗಿದೆ, ಯಾವ ಬಣ್ಣ ಎಲ್ಲಿದೆ, ಏನು ಮಾಡುತ್ತಿತ್ತು. ಗಿಡವಾದರೆ ಎಲೆ ಎದುರುಬದುರು ಇವೆಯಾ ಅಥವಾ ಒಂದಾದ ಮೇಲೊಂದು ಇವೆಯಾ, ಎಸಳು ಎಷ್ಟು, ಕಾಂಡ ದುಂಡಗಿದೆಯಾ, ಎಂಥ ನೆಲದಲ್ಲಿ ಬೆಳೆದಿದೆ. ಇಷ್ಟು ಬರೆಯಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಿಂತು ನೋಡಿದ್ದೇ ನನಗೆ ಈ ಸುತ್ತಾಟದಲ್ಲಿ ಸಿಕ್ಕ ದೊಡ್ಡ ಪಾಠ, ಮಿಕ್ಕಿದ್ದೆಲ್ಲ ಅದರಿಂದ ಬಂದದ್ದು.

ಸಾಮಾನು ಜಾಸ್ತಿ ಇರಲಿಲ್ಲ. ನನ್ನ 8x42 ಬೈನಾಕ್ಯುಲರ್, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು. ಕಾಡಿನ ಮಬ್ಬು ಬೆಳಕಿಗೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ಇನ್ನೂ ಹೆಚ್ಚು ಪಟ್ಟು ಬೇಕು ಅಂತ ಆಸೆಪಟ್ಟರೆ ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ. ಅತ್ತಿಗೆಯ ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಕೈ ಲೆನ್ಸ್. ಮತ್ತೆ ಎರಡು ನೋಟ್ ಪುಸ್ತಕ, ಪೆನ್ಸಿಲ್. ಮಳೆಯಲ್ಲಿ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಗುರುವಾರ, ಮಂಡಗದ್ದೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಬಂದರೆ ಮಂಡಗದ್ದೆ. ರಸ್ತೆ ಪಕ್ಕದಲ್ಲೇ ತುಂಗಾ ನದಿ, ನದಿಯ ನಡುವೆ ಪುಟ್ಟ ನಡುಗಡ್ಡೆ, ಅದರ ತುಂಬ ಮರ, ಮರದ ತುಂಬ ಹಕ್ಕಿ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಇಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತ ತುಂಬಿ ಹರಿಯುವ ನೀರೇ ಅವುಗಳಿಗೆ ಬೇಲಿ, ಮೊಟ್ಟೆ ಕದಿಯುವ ಪ್ರಾಣಿಗಳು ದಾಟಿ ಬರುವುದು ಕಷ್ಟ. ನಾವು ಹೋದಾಗ ಮರಿಗಳು ಬೆಳೆದು ಕೊಂಬೆಯಿಂದ ಕೊಂಬೆಗೆ ಏರುತ್ತಿದ್ದವು. ಗಲಾಟೆ ಅಂದರೆ ಗಲಾಟೆ.

ಕಲಿಯಲು ಶುರು ಮಾಡುವವರಿಗೆ ಇಂಥ ಜಾಗ ಬಹಳ ಒಳ್ಳೆಯದು. ಹಕ್ಕಿ ಹಾರಿಹೋಗುತ್ತದೆ ಅನ್ನುವ ಆತುರ ಇಲ್ಲ. ಕೂತಿರುತ್ತವೆ, ಒಂದು ಗಂಟೆ ಬೇಕಾದರೂ ನೋಡಬಹುದು.

ಬಿಳಿ ಹಕ್ಕಿ ಎಲ್ಲವೂ ದೂರದಿಂದ ಒಂದೇ ಥರ ಕಾಣುತ್ತವೆ ಅಲ್ವಾ. ಹಾಗಾಗಿ ನಾನು ಬಣ್ಣ ಬಿಟ್ಟು ಕಾಲಿನಿಂದ ಶುರು ಮಾಡಿದೆ. ಸಣ್ಣ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಕೊಂಬೆಯ ಮೇಲೆ ಕೂತಾಗ ಪಾದ ಎಲೆಯಲ್ಲಿ ಮುಚ್ಚಿಹೋಗುತ್ತದೆ, ಹಾರುವಾಗ ಹಿಂದಕ್ಕೆ ಚಾಚಿದಾಗ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಹಾರುವ ತನಕ ಕಾಯಬೇಕು. ಮಧ್ಯಮ ಬೆಳ್ಳಕ್ಕಿಗೆ ಪಾದವೂ ಕಪ್ಪೇ. ಅದರ ಕೊಕ್ಕು ವರ್ಷದ ಹೆಚ್ಚು ದಿನ ಹಳದಿ, ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ, ಅದಕ್ಕೇ ಕೊಕ್ಕಿನ ಬಣ್ಣವೊಂದನ್ನೇ ನಂಬಿಕೊಂಡರೆ ಸಾಲದು. ದೊಡ್ಡ ಬೆಳ್ಳಕ್ಕಿಯಲ್ಲಿ ನೋಡಬೇಕಾದ್ದು ಬಾಯಿಯ ಗೆರೆ. ಅದು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಗೋವಕ್ಕಿ ಇವೆಲ್ಲಕ್ಕಿಂತ ಕುಳ್ಳ, ಕತ್ತು ಗಿಡ್ಡ, ಮರಿ ಮಾಡುವ ಕಾಲದಲ್ಲಿ ತಲೆಗೂ ಎದೆಗೂ ಕಿತ್ತಳೆ ಬಣ್ಣ ಬರುತ್ತದೆ.

ನೀರುಕಾಗೆ ಮತ್ತು ಹಾವಕ್ಕಿ ಇನ್ನೊಂದು ಜೋಡಿ. ಎರಡೂ ಕಪ್ಪಗೆ, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಕೂರುತ್ತವೆ. ಅವುಗಳ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆಯುತ್ತದೆ. ಮೈ ಭಾರ ಆದಷ್ಟೂ ಮುಳುಗಿ ಮೀನು ಹಿಡಿಯುವುದು ಸುಲಭ, ಆಮೇಲೆ ಒಣಗಿಸಿಕೊಳ್ಳಲೇಬೇಕು. ಕೊಕ್ಕು ನೋಡಿದರೆ ಗೊಂದಲ ಮುಗಿಯಿತು. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದೆ, ಹಾವಕ್ಕಿಯದು ನೇರ, ಚೂಪು. ನೀರಿನಲ್ಲಿ ಈಜುವಾಗ ಹಾವಕ್ಕಿಯ ಮೈ ಕಾಣುವುದೇ ಇಲ್ಲ, ಉದ್ದ ಕತ್ತು ಮಾತ್ರ ಅತ್ತಿತ್ತ ಆಡುತ್ತಾ ಹೋಗುತ್ತದೆ.

ಅಷ್ಟು ಹೊತ್ತು ಅತ್ತಿಗೆ ನದಿ ಕಡೆ ನೋಡಿದ್ದು ಕಡಿಮೆ. ರಸ್ತೆ ಬದಿಯ ಹುಲ್ಲಿನಲ್ಲಿ ಕೂತು ಕರೆದರು. "ಬಾರೇ ಇಲ್ಲಿ. ಈ ತುಂಬೆ ಕಾಂಡ ಮುಟ್ಟಿ ನೋಡು."

ತುಂಬೆ ಹೂವನ್ನು ಯಾರು ನೋಡಿಲ್ಲ. ಆದರೆ ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿದ್ದು ಅದೇ ಮೊದಲು. ಉರುಳುವುದಿಲ್ಲ! ನಾಲ್ಕು ಮೂಲೆ ಇದೆ. ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂವು, ಈ ಮೂರೂ ಸೇರಿದರೆ ಬಹುಮಟ್ಟಿಗೆ ಅದು ತುಳಸಿ, ಪುದೀನದ ಕುಟುಂಬ. ಒಂದು ಗಿಡದ ಹೆಸರು ಕಲಿತರೆ ಒಂದು ಗಿಡ ಗೊತ್ತಾಗುತ್ತದೆ, ಕುಟುಂಬದ ಗುರುತು ಕಲಿತರೆ ಮುಂದೆ ಸಿಗುವ ನೂರು ಗಿಡಗಳಿಗೆ ಅರ್ಧ ವಿಳಾಸ ಸಿಕ್ಕ ಹಾಗೆ ಅಂತ ಅತ್ತಿಗೆ ಹೇಳಿದರು. ಅವತ್ತಿನಿಂದ ಸಿಕ್ಕ ಸಿಕ್ಕ ಕಾಂಡವನ್ನೆಲ್ಲ ಮುಟ್ಟಿ ನೋಡುವ ಅಭ್ಯಾಸ ಆಗಿದೆ.

ಶುಕ್ರವಾರ, ಕುಂದಾದ್ರಿ

ಕುಂದಾದ್ರಿ ಒಂದು ದೊಡ್ಡ ಬಂಡೆಯ ಬೆಟ್ಟ. ಮೇಲೆ ಪಾರ್ಶ್ವನಾಥನ ಬಸದಿ, ಪಕ್ಕದಲ್ಲಿ ಬಂಡೆಯ ಮೇಲೆ ನೀರಿನ ಕೊಳ. ಹೆಚ್ಚಿನ ಜನ ಕಾರಿನಲ್ಲಿ ಮೇಲಕ್ಕೆ ಹೋಗಿ ನೋಟ ನೋಡಿ ಬರುತ್ತಾರೆ. ನಾವು ಕೆಳಗಿನ ತಿರುವಿನಲ್ಲೇ ಇಳಿದು ನಡೆದೆವು.

ದಾರಿಯುದ್ದಕ್ಕೂ "ಕುಟ್ರೂ ಕುಟ್ರೂ" ಅನ್ನುವ ಕೂಗು. ಕುಟ್ರುಹಕ್ಕಿ. ಎಲೆ ಹಸಿರಿನ ಮೈ, ಎಲೆಗಳ ನಡುವೆ ಅಲುಗಾಡದೆ ಕೂರುತ್ತದೆ, ಕೂಗು ಮಾತ್ರ ಇಡೀ ಕಣಿವೆಗೆ ಕೇಳುತ್ತದೆ. ಮಲೆನಾಡಿನಲ್ಲಿ ಹಕ್ಕಿ ಕಲಿಯುವವರು ಮೊದಲು ಕಿವಿಯಿಂದ ಕಲಿಯಬೇಕಾದ್ದು ಇದನ್ನೇ. ಈ ಒಂದು ಸದ್ದು ಗೊತ್ತಾದರೆ ಬೆಳಗಿನ ಗದ್ದಲದಲ್ಲಿ ದೊಡ್ಡ ಪಾಲು ಬದಿಗೆ ಹೋಗುತ್ತದೆ, ಉಳಿದವು ಬಿಡಿ ಬಿಡಿಯಾಗಿ ಕೇಳಲು ಶುರುವಾಗುತ್ತವೆ.

ಒಂದು ತಿರುವಿನಲ್ಲಿ ನೇರಳೆ ಹೂವಿನ ಪೊದೆ. ನೆಕ್ಕರಿಕ. ನನಗೆ ಅಷ್ಟು ದೂರದಿಂದ ಕಂಡಿದ್ದು ಐದು ಎಸಳು ಅಷ್ಟೇ. ಅತ್ತಿಗೆ ಲೆನ್ಸ್ ಕೊಟ್ಟು ಮೊದಲು ಎಲೆ ನೋಡಲು ಹೇಳಿದರು. ಸಾಮಾನ್ಯವಾಗಿ ಎಲೆಯಲ್ಲಿ ನಡುವೆ ಒಂದು ನರ, ಅದರಿಂದ ಅಕ್ಕಪಕ್ಕಕ್ಕೆ ಕವಲು ಇರುತ್ತದೆ. ಇಲ್ಲಿ ಬುಡದಿಂದಲೇ ಹಲವು ದಪ್ಪ ನರಗಳು ಹೊರಟು, ಬಾಗಿಕೊಂಡು, ತುದಿಯಲ್ಲಿ ಮತ್ತೆ ಸೇರುತ್ತವೆ. ಹೂವಿಲ್ಲದ ಕಾಲದಲ್ಲೂ ಈ ಒಂದು ಗುರುತಿನಿಂದ ಹಿಡಿಯಬಹುದು.

ಆಮೇಲೆ ಹೂವು. ಒಳಗೆ ಎರಡು ಥರದ ಕೇಸರಗಳು. ಕೆಲವು ಗಿಡ್ಡ, ಹಳದಿ, ಕಣ್ಣಿಗೆ ಹೊಡೆಯುವಂಥವು. ಕೆಲವು ಉದ್ದ, ನೇರಳೆ, ಕುಡುಗೋಲಿನಂತೆ ಬಾಗಿದವು, ಎಸಳಿನ ಬಣ್ಣದಲ್ಲೇ ಅಡಗಿರುತ್ತವೆ. ಅಲ್ಲೇ ನಿಂತಿದ್ದಾಗ ದೊಡ್ಡ ಕಪ್ಪು ದುಂಬಿಯೊಂದು ಬಂತು. ಹಳದಿ ಕೇಸರ ತಬ್ಬಿಕೊಂಡು ಝುಂಯ್ ಅಂತ ಮೈ ನಡುಗಿಸಿತು. ಈ ಹೂವಿನ ಪರಾಗ ತುದಿಯ ಸಣ್ಣ ತೂತಿನಿಂದ ಹೊರಗೆ ಬರಬೇಕು, ನಡುಗಿಸದೆ ಉದುರುವುದಿಲ್ಲ. ದುಂಬಿಗೆ ಹಳದಿಯಿಂದ ಊಟ. ಅದೇ ಹೊತ್ತಿಗೆ ಉದ್ದದ ನೇರಳೆ ಕೇಸರಗಳು ಅದರ ಮೈಗೆ ತಮ್ಮ ಪರಾಗ ಮೆತ್ತಿ ಮುಂದಿನ ಹೂವಿಗೆ ಕಳಿಸುತ್ತವೆ. ಅತ್ತಿಗೆ ಇದನ್ನು ಹೇಳುವಾಗ ಇನ್ನೊಂದು ದುಂಬಿ ಬಂದು ಅದನ್ನೇ ಮಾಡಿ ತೋರಿಸಿತು, ನನಗೆ ರೋಮಾಂಚನ ಆಯಿತು. ಇಷ್ಟು ವರ್ಷ ಇದೇ ಪೊದೆಗಳ ಪಕ್ಕದಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ.

ಮೇಲೆ, ಬಂಡೆಯ ಮೇಲೆ ನೀರು ತೆಳ್ಳಗೆ ಜಿನುಗುವ ಕಡೆ, ನೆಲಕ್ಕೆ ಮುಖ ಇಟ್ಟು ನೋಡಬೇಕಾದ ಹೂವುಗಳಿದ್ದವು. ಬಿಳಿ ಗುಂಡಿಯಂಥ ತಲೆ ಹೊತ್ತ ಎರಿಯೋಕಾಲಾನ್. ಅದರ ನಡುವೆ ನೀಲಿ ನೇರಳೆಯ ಯುಟ್ರಿಕ್ಯುಲೇರಿಯಾ, ಹೂವು ಕಿರುಬೆರಳ ಉಗುರಿಗಿಂತ ಚಿಕ್ಕದು, ದಾರದಂಥ ತೊಟ್ಟು, ಎಲೆ ಕಾಣಿಸುವುದೇ ಇಲ್ಲ. ಇದರ ಕೆಲಸವೆಲ್ಲ ಕೆಸರಿನ ಒಳಗೆ. ಅಲ್ಲಿ ಸೂಜಿಯ ತಲೆಯಷ್ಟು ಚೀಲಗಳಿವೆ, ಪುಟ್ಟ ಜೀವಿ ಬಾಗಿಲ ಕೂದಲಿಗೆ ತಾಗಿದರೆ ಸಾಕು, ಚೀಲ ತೆರೆದು ನೀರಿನ ಜೊತೆ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಇದು ಮುಗಿದಿರುತ್ತದೆ. ಬಂಡೆಯ ಮೇಲಿನ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ, ಅದಕ್ಕೇ ಈ ಉಪಾಯ. ಹತ್ತಿರದಲ್ಲೇ ಡ್ರಾಸೆರಾ ಕೂಡ ಇತ್ತು, ನೆಲಕ್ಕೆ ಅಂಟಿದ ಕೆಂಪು ಎಲೆ, ಕೂದಲ ತುದಿಯಲ್ಲೆಲ್ಲ ಅಂಟು ಹನಿ. ಒಂದು ಎಲೆಯಲ್ಲಿ ಸೊಳ್ಳೆಯಂಥದ್ದು ಸಿಕ್ಕಿಕೊಂಡಿತ್ತು.

ಚೀಲ ನೋಡುವ ಆಸೆಗೆ ಯಾರೂ ಕೀಳಬೇಡಿ. ಒಂದು ಹೆಜ್ಜೆ ತಪ್ಪಾಗಿ ಇಟ್ಟರೆ ಅಂಗೈಯಗಲದ ಈ ತೋಟವೇ ಹೋಗುತ್ತದೆ. ನಾವು ಬರಿಬಂಡೆಯ ಮೇಲೆ ಮಾತ್ರ ಕಾಲಿಟ್ಟು ಓಡಾಡಿದೆವು.

ಶನಿವಾರ, ಆಗುಂಬೆ

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಗುಂಬೆಯ ಮೀಸಲು ಅರಣ್ಯವೂ ಅದರಲ್ಲಿತ್ತು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಕಲಿಯುವವರಿಗೆ ಕಾಡಿನ ಅಂಚು, ರಸ್ತೆ ಬದಿ, ತೋಟದ ಹಳ್ಳ ಇಷ್ಟೇ ಬೇಕಾದಷ್ಟಾಯಿತು.

ಬೆಳಿಗ್ಗೆ ಕತ್ತಲು ಕತ್ತಲು ಇರುವಾಗಲೇ ಸಿಳ್ಳೆ. ಯಾರೋ ಹುಡುಗ ರಾಗ ಮರೆತು ಮತ್ತೆ ಮತ್ತೆ ಹುಡುಕುತ್ತಿರುವ ಹಾಗೆ. ಮಲಬಾರ್ ಸಿಳ್ಳಾರ. ಹಳ್ಳದ ಬಂಡೆಯ ಮೇಲೆ ಕೂತಿದ್ದಾಗ ಬರಿ ಕಪ್ಪಾಗಿ ಕಂಡಿತು, ಬೆಳಕು ಬಿದ್ದ ಮೇಲೆ ಹಣೆ ಮತ್ತು ಭುಜದಲ್ಲಿ ಹೊಳೆಯುವ ನೀಲಿ. ಅದೇ ಹಳ್ಳದಲ್ಲಿ ಬೂದು ಸಿಪಿಲೆಯೂ ಸಿಕ್ಕಿತು, ಹೊಟ್ಟೆ ಹಳದಿ, ಉದ್ದ ಬಾಲ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳಲ್ಲಿ ಎಲ್ಲರಿಗಿಂತ ಮುಂಚೆ ಬಂದು ಮುಟ್ಟುವುದರಲ್ಲಿ ಇದೂ ಒಂದು. ನಾನು ತಾರೀಖು ಹಾಕಿ ಬರೆದುಕೊಂಡೆ. ಪ್ರತಿವರ್ಷ ಹೀಗೆ ಬರೆದಿಟ್ಟರೆ ಅದು ನಮ್ಮದೇ ಪಂಚಾಂಗ.

ಒಂಬತ್ತರ ಹೊತ್ತಿಗೆ ಕಾಡು ಸದ್ದಡಗಿತ್ತು. ಆಮೇಲೆ ಒಮ್ಮೆಲೇ ಎಲ್ಲ ಕಡೆ ಹಕ್ಕಿ. ಇದನ್ನು ಮಿಶ್ರ ಗುಂಪು ಅನ್ನುತ್ತಾರೆ, ಬೇರೆ ಬೇರೆ ಜಾತಿಯ ಹಕ್ಕಿಗಳು ಸೇರಿ ಮೇವಿಗೆ ಹೊರಡುತ್ತವೆ. ಒಂದು ಎಬ್ಬಿಸಿದ ಹುಳ ಇನ್ನೊಂದಕ್ಕೆ, ಹದ್ದು ಗಿಡುಗ ಬಂದರೆ ನೋಡಲು ಹೆಚ್ಚು ಕಣ್ಣು. ನಾಲ್ಕೈದು ನಿಮಿಷದಲ್ಲಿ ಎಲ್ಲ ದಾಟಿ ಹೋಗುತ್ತವೆ, ಎಲ್ಲವನ್ನೂ ನೋಡುತ್ತೇನೆ ಅಂದರೆ ಒಂದೂ ಕಾಣುವುದಿಲ್ಲ. ನಾನು ಒಂದೊಂದರಲ್ಲೂ ಒಂದೇ ಗುರುತು ಹಿಡಿದೆ. ಕಪ್ಪು ಹಕ್ಕಿ, ಬಾಲದ ತುದಿಯಲ್ಲಿ ಎರಡು ಉದ್ದ ತಂತಿ, ತಂತಿಯ ಕೊನೆಗೆ ಗರಿ: ಭೀಮರಾಜ. ಕಿತ್ತಳೆ ಕಪ್ಪು ಒಂದು, ಅದರ ಹಿಂದೆಯೇ ಹಳದಿ ಬೂದು ಒಂದು: ಚಿತ್ರಪಕ್ಷಿಯ ಗಂಡು ಹೆಣ್ಣು. ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುತ್ತಿದ್ದ ನೀಲಿ ಹಕ್ಕಿ: ನಟ್‌ಹ್ಯಾಚ್. ಮರಕುಟಿಗ ಮೇಲಕ್ಕೆ ಏರುತ್ತದೆ, ತಲೆ ಕೆಳಗೆ ಮಾಡಿ ಸರಾಗವಾಗಿ ಇಳಿಯುವುದು ಇದು. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತದೆ, ಹಾಗಾಗಿ ಕಿವಿಗೆ ಕೇಳಿದ್ದನ್ನು ಇಲ್ಲಿ ಕಣ್ಣಿನಿಂದ ಒಮ್ಮೆ ನೋಡಿಯೇ ಬರೆಯಬೇಕು.

ಚಿಟ್ಟೆಗಳ ಬಗ್ಗೆ ಒಂದೇ ಒಂದು ವಿಷಯ. ಕ್ರಿಮ್ಸನ್ ರೋಸ್ ಅನ್ನುವ ಕಪ್ಪು ಕೆಂಪು ಚಿಟ್ಟೆ ವಿಷದ್ದು, ಮರಿಹುಳು ಇರುವಾಗ ಈಶ್ವರಿ ಬಳ್ಳಿಯ ಎಲೆ ತಿಂದು ಆ ವಿಷವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಕಾಮನ್ ಮಾರ್ಮನ್ ಹೆಣ್ಣು ವಿಷವಿಲ್ಲದಿದ್ದರೂ ಕೆಲವೊಮ್ಮೆ ಅದೇ ವೇಷ ಹಾಕುತ್ತದೆ, ಹಕ್ಕಿಗಳು ಹೆದರಿ ಬಿಡಲಿ ಅಂತ. ರೆಕ್ಕೆ ನೋಡಿದರೆ ತಲೆ ಕೆಡುತ್ತದೆ. ಮೈ ನೋಡಿ. ರೋಸ್‌ಗೆ ಮೈ ಕೆಂಪು, ಮಾರ್ಮನ್‌ಗೆ ಕಪ್ಪು. ರಸ್ತೆ ಬದಿಯ ಲಂಟಾನ ಹೂವಿಗೆ ಎರಡೂ ಬಂದಿದ್ದವು, ಪಕ್ಕಪಕ್ಕದಲ್ಲೇ ಹೋಲಿಸಿ ನೋಡಿದೆ.

ರಾತ್ರಿ ನಾವು ಉಳಿದ ಮನೆಯ ಹುಡುಗ ಟಾರ್ಚ್ ಹಿಡಿದು ತೋಟದ ಹಳ್ಳದ ತನಕ ಕರೆದುಕೊಂಡು ಹೋದ. "ಅಮ್ಮಾ, ನನ್ನ ಹಿಂದೇ ಬನ್ನಿ, ಕೈ ಎಲ್ಲೂ ಇಡಬೇಡಿ" ಅಂದ. ಯಾಕೆ ಅಂತ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಸೊಂಟದೆತ್ತರದ ಪೊದೆಯ ಮೇಲೆ ಮಲಬಾರ್ ಗುಳಿಮಂಡಲ, ಹಸಿರು ಮೈ, ಸುರುಳಿ ಸುತ್ತಿ ಕೂತಿತ್ತು. ಇದೇ ಹಾವು ಕಂದು, ಹಳದಿ, ಕಿತ್ತಳೆ ಬಣ್ಣದಲ್ಲೂ ಇರುತ್ತದೆ, ಬಣ್ಣದಿಂದ ಗುರುತಿಸುವ ಹಾಗಿಲ್ಲ. ಅಗಲ ತ್ರಿಕೋನದ ತಲೆ, ಸಣ್ಣ ಕತ್ತು, ಕಣ್ಣಿಗೂ ಮೂಗಿಗೂ ನಡುವೆ ಒಂದು ಗುಳಿ. ಆ ಗುಳಿಯಿಂದ ಅದು ಬಿಸಿ ಮೈಯ ಬೇಟೆಯನ್ನು ಕತ್ತಲಲ್ಲೂ ಪತ್ತೆ ಮಾಡುತ್ತದೆ. ಹುಡುಗ ಹೇಳಿದ, ಇದು ಎಷ್ಟೋ ದಿನದಿಂದ ಅದೇ ಕೊಂಬೆಯಲ್ಲಿದೆಯಂತೆ. ಹೊಂಚು ಹಾಕಿ ಹಿಡಿಯುವ ಹಾವಿಗೆ ಓಡಾಡುವ ಕೆಲಸ ಇಲ್ಲ. ವಿಷದ ಹಾವು, ನಾವು ದೂರದಿಂದ ಬೈನಾಕ್ಯುಲರ್‌ನಲ್ಲೇ ಗುಳಿ ನೋಡಿದೆವು.

ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಬಿಳಿ ಮುದ್ದೆ ಇತ್ತು. ಹಾರುವ ಕಪ್ಪೆಯ ಗೂಡು. ನೊರೆಯೊಳಗೆ ಮೊಟ್ಟೆ, ಮೊಟ್ಟೆ ಒಡೆದರೆ ಗೊದಮೊಟ್ಟೆ ನೇರ ಕೆಳಗಿನ ನೀರಿಗೆ. ಕಪ್ಪೆಯೂ ಸ್ವಲ್ಪ ದೂರದಲ್ಲೇ ಎಲೆಯ ಮೇಲಿತ್ತು, ಎಲೆಯಷ್ಟೇ ಹಸಿರು. ಬೆರಳ ನಡುವಿನ ಪೊರೆ ಮಾತ್ರ ಕೆಂಪು, ಅದನ್ನೇ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ.

ಕಾಳಿಂಗ ಕಾಣಲಿಲ್ಲ. ಆಗುಂಬೆ ಅಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಈ ಹಾವಿಗಾಗಿಯೇ. ಬಹಳ ಕಾಲ ಕಾಳಿಂಗ ಅಂದರೆ ಒಂದೇ ಜಾತಿ ಅಂದುಕೊಂಡಿದ್ದರು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕು ಮಾಡಿದರು, ನಮ್ಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತಲೇ ಹೆಸರಿಟ್ಟರು. ಶತಮಾನಗಳಿಂದ ಎಲ್ಲರೂ ನೋಡುತ್ತಿರುವ ಇಷ್ಟು ದೊಡ್ಡ ಹಾವಿನ ಗುರುತೇ ಮೊನ್ನೆ ಮೊನ್ನೆ ಸ್ಪಷ್ಟ ಆಗಿದೆ ಅಂದರೆ, ಹೊಸದಾಗಿ ಕಲಿಯುವವರು ಒಂದು ಹಕ್ಕಿ ಗೊತ್ತಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಭಾನುವಾರ, ಮಳೆ

ಇಡೀ ದಿನ ಸುರಿಯಿತು. ಜಗಲಿಯಲ್ಲಿ ಕೂತು ಪುಸ್ತಕ ತಿದ್ದಿದೆವು. ಮಳೆ ಒಂದರ್ಧ ಗಂಟೆ ಬಿಟ್ಟಾಗ ಎದುರಿನ ಅತ್ತಿಮರಕ್ಕೆ ಬೂದು ಮಂಗಟ್ಟೆ ಬಂದವು, ನಗುವಿನಂಥ ಕೂಗು. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಬೇರೆ ಮಂಗಟ್ಟೆಗಳ ಕೊಕ್ಕಿನ ಮೇಲೆ ಇರುವ ಕೊಂಬಿನಂಥ ಉಬ್ಬು ಇದಕ್ಕಿಲ್ಲ. ಅಂಗಳದ ಬೇಲಿಯಲ್ಲಿ ಅಗ್ನಿಶಿಖೆ ಅರಳಿತ್ತು, ಬುಡ ಹಳದಿ, ತುದಿ ಕೆಂಪು, ಎಸಳೆಲ್ಲ ಹಿಂದಕ್ಕೆ ಮಡಚಿಕೊಂಡು. ಅದರ ಎಲೆಯ ತುದಿಯೇ ಬಳ್ಳಿಯ ಸುರುಳಿಯಾಗಿ ಬೇಲಿ ಹಿಡಿದಿತ್ತು. ಹೂವಿಲ್ಲದಿದ್ದರೆ ಆ ಎಲೆತುದಿ ಸಾಕು ಗುರುತಿಗೆ. ಗೆಡ್ಡೆ ತುಂಬಾ ವಿಷ, ಮಕ್ಕಳಿರುವ ಮನೆಯವರು ನೆನಪಿಡಿ.

ಸೋಮವಾರ, ಕೊಟ್ಟಿಗೆಹಾರ

ಇಲ್ಲಿಗೆ ಬಂದಿದ್ದು ಒಂದೇ ಒಂದು ಕಪ್ಪೆಗಾಗಿ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಊರ ಹೆಸರನ್ನೇ ಹೊತ್ತ ಕಪ್ಪೆ. 1937ರಲ್ಲಿ ಇದನ್ನು ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣ ರಾವ್. ದಕ್ಷಿಣದ ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೆ ಈಗ ಅವರ ನೆನಪಿಗೇ ರಾವೋರ್ಕೆಸ್ಟಿಸ್ ಅಂತ ಹೆಸರಿದೆ. ಕನ್ನಡದ ಮಕ್ಕಳಿಗೆ ಇವರ ಹೆಸರು ಶಾಲೆಯಲ್ಲೇ ಗೊತ್ತಾಗಬೇಕು ಅಂತ ನನ್ನ ಆಸೆ.

ಚಾರ್ಮಾಡಿ ಕಡೆ ರಸ್ತೆಗೆ ತಾಗಿದ ಒಂದು ತೊರೆ. ಮರದ ನೆರಳು, ಬಂಡೆಯ ಮೇಲೆ ಜಾರುವ ನೀರು. ಕಪ್ಪೆ ಒದ್ದೆ ಬಂಡೆಯದೇ ಬಣ್ಣ, ಎರಡು ಮೂರು ಸೆಂಟಿಮೀಟರ್ ಅಷ್ಟೇ. ಕಾಣಿಸುವುದಿಲ್ಲ, ಕಾಣಿಸುವುದಿಲ್ಲ, ಆಮೇಲೆ ಒಂದು ಬಿಳಿ ಮಿಂಚು. ಗಂಡು ಕಪ್ಪೆ ಹಿಂಗಾಲನ್ನು ಪೂರ್ತಿ ಹೊರಕ್ಕೆ ಚಾಚಿ, ಬೆರಳು ಅಗಲಿಸಿ, ಪೊರೆ ತೋರಿಸಿ ಒಳಗೆಳೆದುಕೊಂಡಿತು. ಸ್ವಲ್ಪ ಬಿಟ್ಟು ಇನ್ನೊಂದು ಕಾಲು. ತೊರೆಯ ಸದ್ದಿನಲ್ಲಿ ಕೂಗು ಕೇಳುವುದು ಕಷ್ಟ, ಅದಕ್ಕೇ ಕಾಲಿನಿಂದ ಸನ್ನೆ: ಇದು ನನ್ನ ಜಾಗ, ದೂರ ಇರು. ಎದುರಿನ ಬಂಡೆಯ ಗಂಡೂ ಕಾಲು ಚಾಚಿ ಉತ್ತರ ಕೊಟ್ಟಿತು. ಅತ್ತಿಗೆ ಮೊದಲ ಸಲ ಗಿಡ ಮರೆತು ನನ್ನ ಬೈನಾಕ್ಯುಲರ್ ಕಸಿದುಕೊಂಡರು. "ಸುಮ್ನಿರೇ, ಇನ್ನೊಂದ್ಸಲ ಮಾಡತ್ತೆ ನೋಡೋಣ" ಅಂತ ಹೇಳಿ ಆ ಬಂಡೆ ಮುಂದಿಂದ ಏಳಲೇ ಇಲ್ಲ.

ಒಂದು ಮಾತು. ನಾವು ನೀರಿಗೆ ಇಳಿಯಲಿಲ್ಲ. ಇಂಥ ಕಪ್ಪೆಗೆ ತೊರೆಯ ತಳದ ಮರಳೇ ಬೇಕು, ಮೊಟ್ಟೆ ಹೂಳುವುದು ಅದರಲ್ಲೇ. ಬದಿಯ ಕಲ್ಲಿನ ಮೇಲೆ ಕೂತರೂ ಎಲ್ಲ ಕಾಣುತ್ತದೆ.

ಬದಿಯ ಒದ್ದೆ ಗೋಡೆಯಲ್ಲಿ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲ ಸಾಲಾಗಿ ಅರಳಿತ್ತು. ಎಲೆಯೆಲ್ಲ ಬುಡದಲ್ಲೇ, ಹೂವು ಉದ್ದ ತೊಟ್ಟಿನ ಮೇಲೆ. ಹೂವನ್ನು ಪಕ್ಕದಿಂದ ನೋಡಿದರೆ ಹಿಂದೆ ತೆಳ್ಳಗೆ ಬಾಗಿದ ಬಾಲ ಇದೆ, ಮಕರಂದ ಅದರ ತುದಿಯಲ್ಲಿ. ಈ ಕುಲದ ಹತ್ತಾರು ಜಾತಿಗಳು ಪಶ್ಚಿಮ ಘಟ್ಟದಲ್ಲಿವೆ, ಹೆಚ್ಚಿನವು ಬೇರೆಲ್ಲೂ ಇಲ್ಲ. ಬಾಲದ ಉದ್ದ, ಬಾಗು ನೋಡದೆ ಜಾತಿ ಹೇಳುವುದು ಕಷ್ಟ. ಹಾಗಾಗಿ ಹೂವಿನ ಫೋಟೋ ತೆಗೆಯುವಾಗ ಎದುರಿನಿಂದ ಒಂದು, ಪಕ್ಕದಿಂದ ಒಂದು, ಎಲೆಯದು ಒಂದು, ಇಡೀ ಗಿಡದ್ದು ಒಂದು ತೆಗೆಯಿರಿ. ಚಂದದ ಒಂದೇ ಫೋಟೋ ಗುರುತು ಹಿಡಿಯುವವರ ಕೆಲಸಕ್ಕೆ ಬರುವುದು ಕಡಿಮೆ.

ಮಂಗಳವಾರ, ಮುಳ್ಳಯ್ಯನಗಿರಿ

ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಜನ ಬಹಳ, ಅದಕ್ಕೇ ಬೆಳಕು ಹರಿಯುವ ಹೊತ್ತಿಗೇ ಹತ್ತಿದೆವು. ಇಲ್ಲಿ ಕಾಡು ಬೇರೆಯದೇ. ಗಾಳಿಗೆ ಸಿಕ್ಕ ಇಳಿಜಾರೆಲ್ಲ ಹುಲ್ಲು, ಕಣಿವೆಯ ಮಡಿಲಿನಲ್ಲಿ ಮಾತ್ರ ಶೋಲಾ ಅನ್ನುವ ದಟ್ಟ ಕಾಡು.

ಹುಲ್ಲಿನಲ್ಲಿ ನೆಲದ ಸೀತಾಳೆಗಳಿದ್ದವು, ಅಂದರೆ ಆರ್ಕಿಡ್‌ಗಳು. ಹಬೆನೇರಿಯಾ, ಬಿಳಿ ಹೂವು. ಸ್ವಲ್ಪ ಮೇಲೆ ಸ್ಯಾಟಿರಿಯಂ, ತೆನೆಯ ಥರ ಒತ್ತಾಗಿ ಗುಲಾಬಿ ಹೂವು. ಅತ್ತಿಗೆ ಹೆಸರು ಹೇಳಲಿಲ್ಲ, ಹೂವಿನ ಹಿಂದಿನ ಬಾಲ ಎಣಿಸು ಅಂದರು. ಹಬೆನೇರಿಯಾಕ್ಕೆ ಒಂದು. ಸ್ಯಾಟಿರಿಯಂಗೆ ಎರಡು. ಲೆನ್ಸ್ ಕೂಡ ಬೇಕಾಗಲಿಲ್ಲ. ಹಬೆನೇರಿಯಾದ ಬಾಲ ಉದ್ದ ಇದ್ದಷ್ಟೂ ಅದರ ಮಕರಂದಕ್ಕೆ ಉದ್ದ ನಾಲಿಗೆಯ ಪತಂಗವೇ ಬರಬೇಕು, ಬಿಳಿ ಬಣ್ಣ ರಾತ್ರಿ ಹಾರುವವರಿಗಾಗಿ.

ಕುರಿಂಜಿಯ ಪೊದೆಗಳು ಬರಿ ಹಸಿರಾಗಿ ನಿಂತಿದ್ದವು. ನೀಲಕುರಿಂಜಿ ಹೂ ಬಿಡುವುದು 12 ವರ್ಷಕ್ಕೊಮ್ಮೆ, ಈ ಚಂದ್ರದ್ರೋಣ ಬೆಟ್ಟಗಳಲ್ಲಿ 2022ರಲ್ಲಿ ಅರಳಿದಾಗ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲವಂತೆ. ಹೂವಿಲ್ಲದ ವರ್ಷದಲ್ಲಿ ಅದೇ ಪೊದೆಯನ್ನು ಯಾರೂ ನೋಡುವುದಿಲ್ಲ. ನಾವು ನೋಡಿದೆವು. ಎದುರುಬದುರು ಎಲೆ, ಅಂಚಿನಲ್ಲಿ ಸಣ್ಣ ಹಲ್ಲು, ನರಗಳು ಒಳಕ್ಕೆ ಇಳಿದು ಎಲೆ ಸುಕ್ಕಾದಂತೆ. ಅತ್ತಿಗೆ ಒಂದು ಎಲೆಯ ಚಿತ್ರ ಬಿಡಿಸಿದರು. ಆ ಗಿಡಗಳ ಮೇಲೆಯೇ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡು ನನಗೆ ಸಂಕಟ ಆಯಿತು, ಇಬ್ಬರು ಹುಡುಗರಿಗೆ ಹೇಳಿದೆ. ಅವರು ತಕ್ಷಣ ಕೆಳಗಿಳಿದು, ಇದೇನಾ ಕುರಿಂಜಿ ಅಂತ ಎಲೆ ನೋಡಿದರು.

ಇಳಿಯುವಾಗ ಶೋಲಾದ ಮೇಲೆ ದೊಡ್ಡ ಕಪ್ಪು ಹಕ್ಕಿ, ರೆಕ್ಕೆ ಬಡಿಯದೆ, ಮರದ ತಲೆಗೆ ತಾಗುವಷ್ಟು ಕೆಳಗೆ, ಬಹಳ ನಿಧಾನ. ನಾನು ಮೊದಲು ಬರೆದೆ: ಕಾಗೆಗಿಂತ ಬಹಳ ದೊಡ್ಡದು, ಮೈಯೆಲ್ಲ ಕಪ್ಪು, ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಸಿದ ಗರಿ, ಕಾಲು ಹಳದಿ. ಕಪ್ಪು ಹದ್ದು. ಅದು ಹಾಗೆ ನಿಧಾನವಾಗಿ ತೇಲುವುದು ಮರಗಳಲ್ಲಿ ಬೇರೆ ಹಕ್ಕಿಗಳ ಗೂಡು ಹುಡುಕಲು. ಈ ಸುತ್ತಾಟದಲ್ಲಿ ಆ್ಯಪ್ ಆಗಲಿ ಪುಸ್ತಕ ಆಗಲಿ ತೆರೆಯದೆ, ಯಾರನ್ನೂ ಕೇಳದೆ ನಾನೇ ಹೆಸರು ಬರೆದ ಹದ್ದು ಇದೊಂದೇ, ಖುಷಿಗೆ ಪುಟದ ತುಂಬ ಬರೆದಿದ್ದೇನೆ.

ಮನೆಗೆ ಬಂದ ಮೇಲೆ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ, ಹಕ್ಕಿಗಳ ಪಟ್ಟಿಯನ್ನು ಇಬರ್ಡ್‌ಗೆ ಹಾಕಿದೆ, ಎರಡೂ ಜನ ತಾವು ಕಂಡದ್ದನ್ನು ದಾಖಲಿಸುವ ಜಾಲತಾಣಗಳು. ಒಂದು ಪುಟದಲ್ಲಿ ಇನ್ನೂ ಹೆಸರಿಲ್ಲದವು ಉಳಿದಿವೆ: ಕುಂದಾದ್ರಿಯ ಬಂಡೆಯ ಒಂದು ಜೊಂಡು, ಆಗುಂಬೆಯ ಹಳ್ಳದ ಒಂದು ಪೊದೆಗಪ್ಪೆ, ಮುಳ್ಳಯ್ಯನಗಿರಿಯ ಒಂದು ಹಳದಿ ಹೂವು. ಹೂವಿನದು ಅವರೆಯ ಕುಟುಂಬ ಅನ್ನುವವರೆಗೆ ಖಾತ್ರಿ, ಮುಂದಿನದಕ್ಕೆ ಕಾಯಿ ನೋಡಬೇಕು ಅಂತ ಅತ್ತಿಗೆ ಹೇಳಿದ್ದಾರೆ. ಕಾಯಿ ಬಲಿಯುವುದು ನವೆಂಬರ್ ಹೊತ್ತಿಗೆ. ಆಗ ಹೋಗುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.